ಸದ್ದಿಲ್ಲದ ಡಿಸ್ಕ್

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲಿನವನು ಬಾಗಿಲು ತಟ್ಟಿದ, ನಲ್ಲಿಯಲ್ಲಿ ನೀರು ಬಂತು. ಲೋಕ ತನ್ನ ಪಾಡಿಗೆ ತಾನು ನಡೆದಿತ್ತು. ಗಂಡನನ್ನು ಕಳೆದುಕೊಂಡವಳು ಮಾತ್ರ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು. ಅವಳು ಇನ್ನೂ ಅತ್ತಿರಲಿಲ್ಲ. "ಕಲ್ಲೆದೆ" ಎಂದು ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು.

ನಡುಮನೆಯಿಂದ ಅತ್ತೆ ಕರೆದರು. "ಏನೇ, ಅವನು ಫೋನಲ್ಲಿ ತೆಗೆದ ವಿಡಿಯೋನೆಲ್ಲ ಟೀವಿಗೆ ಹಾಕ್ಕೊಡ್ತೀನಿ ಅಂದಿದ್ದ. ನೀನಾದ್ರೂ ಹಾಕ್ಕೊಡು."

ಅಷ್ಟರಲ್ಲಿ ಬೀದಿ ಕೊನೆಯ ಸ್ಟುಡಿಯೋ ಅಣ್ಣ ಬಂದು ಹೊಸ್ತಿಲಲ್ಲೇ ನಿಂತ. ವಿಡಿಯೋಗಳನ್ನು ಡಿಸ್ಕಿಗೆ ಬರೆಯುವ ಅವನ ಪುಟ್ಟ ಪೆಟ್ಟಿಗೆಯನ್ನು ಅವಳ ಗಂಡ ಎರವಲು ತಂದಿದ್ದ.

"ತಪ್ಪು ತಿಳ್ಕೋಬೇಡಮ್ಮ. ನಾಳೆ ಒಂದು ಮದುವೆ ಡಿಸ್ಕ್ ಕೊಡ್ಬೇಕು..."

"ಸಂಜೆ ತಂದ್ಕೊಡ್ತೀನಿ ಅಣ್ಣಾ. ಅತ್ತೆಗೊಂದು ಮಾಡ್ಕೊಡ್ಬೇಕು."

"ನಿಮ್ಮದು ಓಬೀರಾಯನ ಕಾಲದ ಡಿವಿಡಿ ಪ್ಲೇಯರ್. ಫೋನಿನ ಫೈಲು ಹಾಗೇ ಕೊಟ್ರೆ ನುಂಗಲ್ಲ. ಅದರ ಗಂಟಲಿಗೆ ಇಳಿಯೋ ಹಾಗೆ ಅರೆದು ಕೊಡ್ಬೇಕು."

ಅವಳು ಲ್ಯಾಪ್‌ಟಾಪ್ ತೆರೆದು, ಮೊದಲು ಸದ್ದನ್ನು ಪೂರ್ತಿ ನಿಲ್ಲಿಸಿದಳು. ಆ ವಿಡಿಯೋಗಳಲ್ಲಿ ಅವನು ಎಲ್ಲೂ ಕಾಣುತ್ತಿರಲಿಲ್ಲ. ಫೋನು ಹಿಡಿಯುವವನು ಯಾವಾಗಲೂ ಅವನೇ. ಫೋನಿನ ಹಿಂದಿನಿಂದ ಅವನ ದನಿ ಮಾತ್ರ ಬರುತ್ತಿತ್ತು. ಚಿತ್ರ ನೋಡಬಲ್ಲಳು, ಆ ದನಿಯನ್ನು ಕೇಳಲಾರಳು. ಫೈಲುಗಳನ್ನು ಪರಿವರ್ತಿಸಿ, ಡಿಸ್ಕ್ ಬರೆದು, ಪ್ಲೇಯರಿಗೆ ಹಾಕಿದಳು.

ಟೀವಿಯಲ್ಲಿ ಅತ್ತೆ ಕೈ ಬೀಸಿ ಏನೋ ಹೇಳುತ್ತಿದ್ದರು. ಸದ್ದಿಲ್ಲ.

"ನೋಡೇ, ನಾನು ಬಾಯಿ ಬಿಟ್ರೂ ಮಾತು ಬರ್ತಿಲ್ಲ. ಜನ್ಮದಲ್ಲಿ ಇದೇ ಮೊದಲು!" ಎಂದು ನಕ್ಕ ಅತ್ತೆ ರಿಮೋಟ್ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ನಗು ಇಳಿಯಿತು. "ಅವನೆಲ್ಲಿ? ಅವನಿರೋದೇ ದನಿಯಲ್ಲಿ ಅಲ್ವೇನೇ?"

ತಪ್ಪು ಅವಳಿಗೆ ತಕ್ಷಣ ಹೊಳೆಯಿತು. ಚಿತ್ರವನ್ನಷ್ಟೇ ಪ್ಲೇಯರಿಗೆ ಒಗ್ಗುವ ರೂಪಕ್ಕೆ ಬದಲಿಸಿ ದನಿಯನ್ನು ಇದ್ದಂತೆಯೇ ಬಿಟ್ಟಿದ್ದಳು. ಹಳೆಯ ಪ್ಲೇಯರಿಗೆ ಅದರ ಗುರುತು ಹತ್ತಿರಲಿಲ್ಲ. ಸದ್ದು ನಿಲ್ಲಿಸಿ ಕೂತವಳಿಗೆ ತಿಳಿಯುವುದಾದರೂ ಹೇಗೆ? ಪ್ಲೇಯರ್ ಕೆಟ್ಟಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಅತ್ತೆಯ ಹೆಬ್ಬೆರಳು ಇನ್ನೂ ರಿಮೋಟಿನ ಮೇಲೇ ಇತ್ತು.

"ಕೊಡಿ, ಸರಿ ಮಾಡ್ತೀನಿ."

ಈ ಸಲ ದನಿಯನ್ನೂ ಬದಲಿಸಿದಳು. ಕೋಣೆಯ ಬಾಗಿಲು ಮುಂದೆ ಮಾಡಿ, ಸದ್ದು ಏರಿಸಿದಳು.

"ಅಮ್ಮಾ, ಈ ಕಡೆ ನೋಡು. ನನ್ನ ಹೆಂಡ್ತೀನ ಆಮೇಲೆ ಬೈಯುವೆಯಂತೆ."

ತುಟಿಗೂ ಮಾತಿಗೂ ಹೊಂದಿಕೆ ಇದೆಯೇ ಎಂದು ಇನ್ನೊಮ್ಮೆ ಕೇಳಿದಳು. ಆಮೇಲೆ ಮತ್ತೆ ಕೇಳಲು ಆ ನೆಪವೂ ಬೇಕಾಗಲಿಲ್ಲ.

ಹೊಸ ಡಿಸ್ಕ್ ತಿರುಗಿತು. ಅತ್ತೆ ಟೀವಿಗೇ ಉತ್ತರ ಕೊಟ್ಟರು: "ಬೈಯದೆ ಮುದ್ದು ಮಾಡ್ಲೇನೋ, ಹೆಂಡ್ತಿ ಗುಲಾಮ!" ಹೇಳುತ್ತಲೇ ಸೊಸೆಯ ಕಡೆ ತಿರುಗಿದರು. ಅವಳ ಮುಖ ಒದ್ದೆಯಾಗಿತ್ತು. ಅತ್ತೆ ಸೋಫಾದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಸಂಜೆ ಪೆಟ್ಟಿಗೆಯನ್ನು ಸ್ಟುಡಿಯೋಗೆ ಒಯ್ದಳು.

"ಸರಿಯಾಗಿ ಬಂತೇನಮ್ಮ?"

"ಒಂದು ಡಿಸ್ಕ್ ದಂಡವಾಯ್ತು ಅಣ್ಣಾ."

"ಒಂದೇನಾ? ನಿನ್ನ ಗಂಡ ಕಲಿಯುವಾಗ ಅರ್ಧ ಡಬ್ಬಿ ಹಾಳು ಮಾಡಿದ್ದ!" ಅಂದವನೇ ನಾಲಿಗೆ ಕಚ್ಚಿಕೊಂಡ.

ಅವಳು ವೈರು ಸುತ್ತಿ ಪೆಟ್ಟಿಗೆಯನ್ನು ಅವನ ಕೈಗಿತ್ತು, ಸ್ಟೂಲು ಎಳೆದುಕೊಂಡು ಕೂತಳು.

"ಅವರು ಏನೇನು ಮಾಡಿದ್ರು? ಹೇಳಿ ಅಣ್ಣಾ."