ಅರ್ಧಚಂದ್ರದ ಗುರುತು

ಹುಣಸೂರಿನ ಫರ್ನಿಚರ್ ಕಂಪನಿಯವರು ಹಳೇ ಗೋಡೌನು ಖಾಲಿ ಮಾಡಿ, ಐವತ್ತು ವರ್ಷದಿಂದ ತಾವು ಮಾಡಿದ ಕುರ್ಚಿ ಮೇಜುಗಳ ಒಂದೊಂದು ಮಾದರಿಯನ್ನು ಅಲ್ಲಿ ಮ್ಯೂಸಿಯಂನಂತೆ ಜೋಡಿಸಿಟ್ಟರು. ನೋಡಿಕೊಳ್ಳಲು ಚಿಕ್ಕಬೀರಮ್ಮನನ್ನು ಹಾಕಿದರು. ಮೂವತ್ತು ವರ್ಷ ಪಾಲಿಶ್ ಸೆಕ್ಷನ್ನಿನಲ್ಲಿ ಮರ ಉಜ್ಜಿದವಳಿಗೆ ಈ ಕೆಲಸದ ತಲೆಬುಡ ತಿಳಿಯಲಿಲ್ಲ. ಕಾಲು ಮುರಿದದ್ದನ್ನೂ ಹಾಗೇ ಇಡಬೇಕಂತೆ, ಯಾವುದರ ಮೇಲೂ ಕೂರಬಾರದಂತೆ! ಕೂರದ ಮೇಲೆ ಅದೆಂಥ ಕುರ್ಚಿಯೋ, ಶಿವನೇ ಬಲ್ಲ.

ಆದರೂ ಅಲ್ಲಿ ಅವಳಿಗೊಂದು ಆಸೆಯಿತ್ತು. ಕಿಟಕಿ ಪಕ್ಕದ ಬಾಗಿದ ಬೆನ್ನಿನ ಕುರ್ಚಿ ಅವಳ ಗಂಡ, ತೀರಿಹೋದ ಅಂಕಯ್ಯ, ತನ್ನ ತಲೆಯಿಂದಲೇ ತೆಗೆದು ಮಾಡಿದ್ದು. ಅದರ ಮುಂದಿನ ಚೀಟಿಯಲ್ಲಿ ಮಾತ್ರ 'ವಿನ್ಯಾಸ: ಯಾರದೆಂದು ತಿಳಿದಿಲ್ಲ' ಎಂದಿತ್ತು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಗಂಡನ ಹೆಸರು ಬರಬೇಕೆಂದು ದಾಖಲೆ ನೋಡಿಕೊಳ್ಳುವ ಸಂಘಮಿತ್ರ ಮೇಡಂ ಹತ್ತಿರ ಹೇಳಿಕೊಂಡಳು. ಏನಾದರೂ ಗುರುತು ಸಿಕ್ಕರೆ ಹೆಸರು ಹಾಕೋಣ, ನಾಳೆ ಕುರ್ಚಿಯ ಫೋಟೊ ತೆಗೆಯುತ್ತೇನೆ ಎಂದರು ಅವರು.

ಫೋಟೊ ಅಂದಮೇಲೆ ಮುಗಿಯಿತಲ್ಲ! ಗಂಡನ ಕುರ್ಚಿ ಕೊಳಕಾಗಿ ನಿಲ್ಲುವುದುಂಟೆ? ಬೆಳಿಗ್ಗೆ ಬೇಗ ಬಂದು ಕುರ್ಚಿ ಮಗುಚಿದಳು. ಸೀಟಿನಡಿ ಪೆನ್ಸಿಲ್ ಗೆರೆಗಳು, ಜೊತೆಗೊಂದು ಅರ್ಧಚಂದ್ರ. ಗೆರೆ ಉಳಿದರೆ ಮಾಲು ವಾಪಸ್ ಎಂದು ಮೇಸ್ತ್ರಿ ಮೂವತ್ತು ವರ್ಷ ಬೈದದ್ದು ಅವಳ ಕೈಯಲ್ಲೇ ಕೂತುಬಿಟ್ಟಿತ್ತು. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿಯೇ ಉಜ್ಜಿದಳು.

ಹತ್ತು ಗಂಟೆಗೆ ಸಂಘಮಿತ್ರ ಹಳೇ ಸ್ಟೂಲೊಂದರ ನಕ್ಷೆ ಹಿಡಿದು ಓಡೋಡಿ ಬಂದರು. ಮೂಲೆಯಲ್ಲಿ ಅಂಕಯ್ಯನ ರುಜು, ಪಕ್ಕದಲ್ಲೇ ಅರ್ಧಚಂದ್ರ. ಈ ಗುರುತು ಕುರ್ಚಿಯಡಿಯೂ ಇದ್ದರೆ ಸಾಕು ಎನ್ನುತ್ತ ಮಗುಚಿ ನೋಡಿದರು. ಮರ ಬೆಣ್ಣೆಯಂತೆ ನುಣ್ಣಗಿತ್ತು.

ಚಿಕ್ಕಬೀರಮ್ಮ ನುಣ್ಣಗಾದ ಜಾಗದ ಮೇಲೆ ಬೆರಳಾಡಿಸಿದಳು.

"ಇತ್ತು ಮೇಡಂ. ನಾನೇ ಉಜ್ಜಾಕ್ಬುಟ್ಟೆ. ಕಣ್ಣಾರೆ ನೋಡಿವ್ನಿ, ಅದೇ ಜಾಗ್ದಲ್ಲಿ ಅಂಗೇ ತಿರ್ಗಾ ಬರ್ದ್‌ಕೊಡ್ತೀನಿ."

"ಗುರುತು ಅವರ ಕೈಯದೇ ಆಗಬೇಕು, ನೀವು ಬರೆದರೆ ಸುಳ್ಳಾಗುತ್ತಮ್ಮ."

ಅವಳಿಗೆ ತಲೆ ಕೆಟ್ಟುಹೋಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಹೇಗೆ ಸುಳ್ಳು? ಗಂಡನನ್ನು ಎರಡನೇ ಸಲ ಕಳೆದುಕೊಂಡಷ್ಟು ಸಂಕಟವಾಯಿತು. ಸೊಂಟಕ್ಕೆ ಸಿಕ್ಕಿಸಿದ್ದ ಸ್ಯಾಂಡ್ ಪೇಪರ್ ತೆಗೆದು ಬಿಡಿಸಿದಳು. ಅದರ ತುಂಬ ಪೆನ್ಸಿಲ್ಲಿನ ಕಪ್ಪು ಹತ್ತಿತ್ತು.

"ಇದ್ರಾಗೈತೆ ಮೇಡಂ, ಅವ್ರು ಬರ್ದಿದ್ದು. ಇದ್ನಾದ್ರೂ ಮಡೀಕಳಿ."

ಸಂಘಮಿತ್ರ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರು. ಚೀಟಿ ಅಂಟಿಸಿದರು. ಅದರ ಮೇಲೆ ಏನು ಬರೆಯಬೇಕೋ ತಿಳಿಯದೆ ಪೆನ್ನನ್ನು ಚಿಕ್ಕಬೀರಮ್ಮನ ಕೈಗೇ ಕೊಟ್ಟರು.

ಅವಳು ಒಂದೊಂದೇ ಅಕ್ಷರ ಕೂಡಿಸಿ ಬರೆದಳು: 'ಅಂಕಯ್ಯನವರ ಗೆರೆ. ಉಜ್ಜಿದವಳು ಹೆಂಡತಿ.'