ಔರಾದಿನ ಯಾದಿ

ಬೀದರಿನ ಟ್ರಸ್ಟ್ ಕಚೇರಿಯಲ್ಲಿ ಕೂತು ವಿಶಾಖಾ ಡೈರಿಯಲ್ಲಿ ಬರೆದಳು: "ಎಲ್ಲರೂ ಹೊಗಳುತ್ತಿದ್ದಾರೆ. ತಪ್ಪು ನನಗೊಬ್ಬಳಿಗೇ ಗೊತ್ತು."

ಭಾಲ್ಕಿ, ಔರಾದಿನ ಹುಡುಗಿಯರ ಹಾಸ್ಟೆಲುಗಳಲ್ಲಿ ಜಾತಿ ನೋಡದೆ ಕೋಣೆ ಹಂಚಬೇಕೆಂಬುದು ಟ್ರಸ್ಟಿನ ನಿಯಮ. ಅದಕ್ಕೇ ಡೇಟಾಬೇಸಿನಿಂದ ಜಾತಿಯ ಕಾಲಂ ಒಂದನ್ನು ಬಿಟ್ಟು, ಉಳಿದದ್ದನ್ನಷ್ಟೇ ವಾರ್ಡನ್‌ಗಳಿಗೆ ತೋರಿಸುವ ಯಾದಿಗಳನ್ನು ತಾನಾಗಿಯೇ ತಯಾರಿಸುವ ಪ್ರೋಗ್ರಾಮನ್ನು ಅವಳು ಬರೆದಿದ್ದಳು. ಜಾತಿ ಇದ್ದದ್ದು ಐದನೆಯ ಕಾಲಂನಲ್ಲಿ; ಐದನೆಯದನ್ನು ಬಿಡು, ಅಷ್ಟೇ. ಆದರೆ ಮರಾಠಿ, ತೆಲುಗು ಎಲ್ಲ ಬೆರೆತ ಔರಾದಿನವರು ನಡುವೆ 'ಮನೆಮಾತು' ಎಂಬ ಕಾಲಂ ಸೇರಿಸಿಕೊಂಡಿದ್ದರು. ಅಲ್ಲಿ ಐದನೆಯದಾದ ಮನೆಮಾತು ಮರೆಯಾಗಿ, ಆರನೆಯದಕ್ಕೆ ಸರಿದ ಜಾತಿ ಉಳಿಯಿತು. ವಾರ್ಡನ್ ಅದನ್ನು ನೋಡಿಯೇ ಕೋಣೆ ಹಂಚಿದ್ದರು. ವಿಶಾಖಾಳ ಸಮುದಾಯದ ಮೂವರು ಹುಡುಗಿಯರೂ ಹಿಂಬದಿಯ ಕೊನೆಯ ಕೋಣೆಯಲ್ಲಿದ್ದರು.

ಹೇಳಿದರೆ ತನ್ನವರಿಗಾಗಿ ಹೇಳಿದಳೆನ್ನುತ್ತಾರೆ. ಹೇಳದಿದ್ದರೆ ಆ ಮೂವರು ವರ್ಷವಿಡೀ ಅಲ್ಲೇ.

ಮೇಲಧಿಕಾರಿ ಸಿದ್ದೇಶ್ವರ ಪೇಢೆಯ ಡಬ್ಬಿ ಹಿಡಿದು ಬಂದರು.

"ಔರಾದ ವಾರ್ಡನ್ ಮೇಡಂ ಭಾಳ ಖುಷ್ ಅದಾರ ನೋಡ್ರಿ. ಈ ಸಲ ಒಂದ್ ತಕರಾರ್ ಇಲ್ಲಂತ! ತಗೋರಿ. ಪೇಢಾ ಕೊಟ್ರೂ ಬಾಯಿ ತೆರಿಯಂಗಿಲ್ಲೇನ್ರಿ ನೀವು?"

ಅವಳು ಪೇಢೆ ಮುಟ್ಟಲಿಲ್ಲ. ಕುರ್ಚಿಯಿಂದ ಎದ್ದಳು.

"ಸರ್, ತಪ್ಪು ನಂದರಿ. ಔರಾದ ಯಾದ್ಯಾಗ ಜಾತಿ ಕಾಣಲತ್ತದ. ಕೋಣಿ ಮತ್ತೊಮ್ಮೆ ಹಂಚಬೇಕ್ರಿ."