ಸೋತವನ ಹೆಸರಿನ ಊರು

ನಮ್ಮೂರ ಹೆಸರು ಗ್ರಿಂಬಲ್. ನೆಬ್ರಾಸ್ಕದ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ ಎಲ್ಲರೂ ಕಾಫಿ ಲೋಟ ಇಡುವ ಜಾಗವೊಂದು ಇರುತ್ತದಲ್ಲ, ಅಲ್ಲೇ ಇದೆ. ಉತ್ತರಕ್ಕೆ ಹುಲ್ಲು, ದಕ್ಷಿಣಕ್ಕೆ ಹುಲ್ಲು, ಪೂರ್ವಕ್ಕೆ ಪೆಲ್ಹಮ್‌ನ ಗೊಬ್ಬರದ ಗೋದಾಮು, ಪಶ್ಚಿಮಕ್ಕೆ ಮತ್ತೆ ಹುಲ್ಲು. ಒಂದು ಹೊಳೆಯಿದೆ, ಏಪ್ರಿಲ್‌ನಲ್ಲಿ ಬಂದು ಮುಖ ತೋರಿಸಿ ಹೋಗುವ ನೆಂಟನ ಹಾಗೆ. ಒಂದು ಗುಡ್ಡವೂ ಇದೆಯಂತೆ. ಬ್ರೇಕ್ ಹಾಕದೆ ನಿಲ್ಲಿಸಿದ ಗಾಡಿ ತಾನೇ ಉರುಳಿ ಹೋಗಿ ಚರ್ಚಿನ ಬೇಲಿ ಮುರಿದಾಗ ಮಾತ್ರ ನಮಗೆ ಅದರ ನೆನಪಾಗುತ್ತದೆ. ಹೆದ್ದಾರಿಯ ಫಲಕದ ಪ್ರಕಾರ ಜನಸಂಖ್ಯೆ ಅರವತ್ತಮೂರು. ಅದರಲ್ಲಿ ಹತ್ತು ಹನ್ನೆರಡು ಮಂದಿ ಈಗ ಸ್ಮಶಾನದಲ್ಲಿದ್ದಾರೆ. ಹಾಗಂತ ಅವರೇನು ಊರು ಬಿಟ್ಟು ಹೋಗಿಲ್ಲವಲ್ಲ, ಎಣಿಸಿದರೆ ತಪ್ಪೇನು?

ನಾನು ಮೇವಿಸ್ ಗ್ರಿಂಬಲ್. ಊರಲ್ಲಿರುವ ಒಂದೇ ಒಂದು ಬಾರ್ ನನ್ನದು. ಊರಿಗೇ ಇವಳ ಮನೆತನದ ಹೆಸರಿದೆಯಲ್ಲ, ಹಿರಿಯರು ಏನೋ ಸಾಧಿಸಿರಬೇಕು ಅಂದುಕೊಂಡಿರಾ? ಸಾಧಿಸಿದ್ದು ಸೋಲು. ರೈಲು ಹಳಿ ಇಲ್ಲಿಗೆ ಬಂದ ಕಾಲಕ್ಕೆ ಇದ್ದದ್ದು ಎರಡೇ ಗುಡಿಸಲು, ಎಝ್ರಾ ಗ್ರಿಂಬಲ್‌ನದೊಂದು, ಹೊರೇಸ್ ಪೆಲ್ಹಮ್‌ನದೊಂದು. ನಿಲ್ದಾಣಕ್ಕೆ ಯಾರ ಹೆಸರಿಡಲಿ ಎಂದು ರೈಲಿನವನು ಕೇಳಿದ. ಇಬ್ಬರೂ ಸುತ್ತ ಒಮ್ಮೆ ಕಣ್ಣಾಡಿಸಿದರು. ಗಾಳಿ, ಧೂಳು, ಮಿಡತೆ. ಇಬ್ಬರೂ ಒಟ್ಟಿಗೇ ಎದುರಿನವನ ಕಡೆ ಬೆರಳು ತೋರಿಸಿದರು! ಕೊನೆಗೆ ಗೂಟ ನೆಟ್ಟು, ಅದಕ್ಕೆ ಗುರಿಯಿಟ್ಟು ಕುದುರೆ ಲಾಳ ಎಸೆದು ಜಗಳ ತೀರಿಸಿಕೊಂಡರು. ಸೋತವನ ಹೆಸರು ಊರಿಗೆ ಎಂದು ಷರತ್ತು. ನಮ್ಮ ಎಝ್ರಾ ಸೋತ. ಪಕ್ಕದೂರಿನ ಶಾಲೆಯಲ್ಲಿ ಅಪ್ಪನಿಗೂ ನನಗೂ ಒಂದೇ ಅಡ್ಡಹೆಸರು: ಸೋತೋರ ಮನೆಯವರು.

ಏನು ಮಾಡುವುದು, ಹೊತ್ತು ಹೊತ್ತು ಗೂನೂ ಮೈಗೆ ಒಗ್ಗಿಹೋಗುತ್ತದೆ. ಈಗ ಗ್ರಿಂಬಲ್ ವಂಶದಲ್ಲಿ ಉಳಿದಿರುವುದು ಅಪ್ಪ ಎಲ್ಡನ್ ಮತ್ತು ನಾನು. ನಾನು ಮದುವೆಯಾಗಲಿಲ್ಲ, ಮಕ್ಕಳಿಲ್ಲ. ನನ್ನ ನಂತರ ಈ ಹೆಸರು ಉಳಿಯುವುದಿದ್ದರೆ ನೀರಿನ ಟ್ಯಾಂಕಿನ ಮೇಲೆ, ಊರಂಚಿನ ಫಲಕದ ಮೇಲೆ ಮಾತ್ರ. ಅದನ್ನು ಯಾವನಾದರೂ ಮುಟ್ಟಲಿ ನೋಡೋಣ ಅಂತಲೇ ಇದ್ದೆ.

ಮುಟ್ಟಿದವನು ಕರ್ಟಿಸ್ ಪೆಲ್ಹಮ್. ಹೊರೇಸನ ಮರಿಮಗ, ಗೊಬ್ಬರದ ವ್ಯಾಪಾರಿ, ಊರಿನ ಮಂಡಳಿಗೆ ಅಧ್ಯಕ್ಷ. ಹೆದ್ದಾರಿ ಪಕ್ಕದಲ್ಲಿ ಒಂದು ಲಾಡ್ಜ್ ಕಟ್ಟಿಸಿದ್ದ, ಅದರಲ್ಲಿ ನೊಣವೂ ತಂಗುತ್ತಿರಲಿಲ್ಲ. ಅಗ್ನಿಶಾಮಕ ಶೆಡ್ಡಿನಲ್ಲಿ ಪ್ಯಾನ್‌ಕೇಕ್ ಊಟಕ್ಕೆ ಊರೆಲ್ಲ ಸೇರಿದ್ದಾಗ ಎದ್ದು ನಿಂತ.

"ತಪ್ಪು ತಿಳ್ಕೋಬೇಡ ಮೇವಿಸ್. ಗ್ರಿಂಬಲ್ ಅಂದ್ರೆ ಹೊಟ್ಟೆ ಕೆಟ್ಟೋನು ಗೊಣಗ್ದಂಗಿದೆ. ಅಂಥಾ ಊರಲ್ಲಿ ಯಾರು ಗಾಡಿ ನಿಲ್ಲಿಸ್ತಾರೆ? ಪೆಲ್ಹಮ್ ಅನ್ನಿ. ಒಂದು ಗತ್ತಿದೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!" ಅಂದೆ. "ನಿನ್ನ ಲಾಡ್ಜಿಗೆ ಜನ ಬರದೇ ಇರೋದು ಊರಿನ ಹೆಸರಿಗಲ್ಲಪ್ಪಾ, ನಿನ್ನ ಗೊಬ್ಬರದ ನಾತಕ್ಕೆ."

ಕೈ ಎತ್ತಿಸಿದರು. ಸರಿಯಾಗಿ ಅರ್ಧಕ್ಕರ್ಧ. ಇನ್ನೊಮ್ಮೆ ಎತ್ತಿಸಿದರು. ಮತ್ತೆ ಅಷ್ಟೇ. ಆಗ ಮಂಡಳಿಯ ಗುಮಾಸ್ತೆ ಅರ್ಡಿತ್ ಮುದುಕಿ ಬಾಯಿಗಂಟಿದ ಸಿಹಿಪಾಕ ಒರೆಸಿಕೊಂಡು ತೀರ್ಪು ಕೊಟ್ಟಳು.

"ಶುರುವಾಗಿದ್ದು ಲಾಳದಿಂದ, ಮುಗಿಯೋದೂ ಲಾಳದಿಂದ್ಲೇ. ಎರಡೂ ಮನೆಯ ಹಿರೀಕರು ಎಸೀಲಿ. ಮೂರು ಮೂರು ಎಸೆತ, ಗೂಟಕ್ಕೆ ಹತ್ತಿರ ಹಾಕಿದೋನು ಗೆದ್ದ. ಸೋತೋನ ಹೆಸರು ಊರಿಗೆ. ಗೂಟದ ಸುತ್ತಲಿನ ಮರಳುಗುಂಡಿಯಿಂದ ಆಚೆ ಬಿದ್ರೆ ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಎಸೀಬೇಕು. ಹುಲ್ಲಿಗೆ ಎಸ್ದು ಸೋತೆ ಸೋತೆ ಅಂತ ಕುಣಿಯೋ ಹಂಗಿಲ್ಲ!"

ಕರ್ಟಿಸನ ಮುಖ ಕಪ್ಪಿಟ್ಟಿತು. "ಇದು ಮೋಸ! ಎಲ್ಡನ್‌ಗೆ ಕೈ ನಡುಗುತ್ತೆ. ಅವ್ರು ಸೋತೇ ಸೋಲ್ತಾರೆ!"

ಶೆಡ್ಡೆಲ್ಲ ಘೊಳ್ಳೆಂದು ನಕ್ಕಿತು. ಎದುರಾಳಿ ತೀರಾ ದುರ್ಬಲ ಅಂತ ತಕರಾರು ತೆಗೆದವನನ್ನು ನಾನು ಅದೇ ಮೊದಲು ಕಂಡದ್ದು. ನನಗಂತೂ ಹಾಲು ಕುಡಿದಷ್ಟು ಸಂತೋಷ. ಒಂದು ಕಾಲಕ್ಕೆ ಜಿಲ್ಲೆಯಲ್ಲೆಲ್ಲ ಅಪ್ಪನಷ್ಟು ಗುರಿಯಿಟ್ಟು ಲಾಳ ಎಸೆಯುವವರಿರಲಿಲ್ಲ. ನಡುಕ ಹಿಡಿದ ಮೇಲೆ ಲಾಳಗಳನ್ನು ಕೊಟ್ಟಿಗೆಯ ಮೊಳೆಗೆ ತೂಗುಹಾಕಿ ಅತ್ತ ತಿರುಗಿ ನೋಡಿರಲಿಲ್ಲ. ಕಾಫಿಯನ್ನು ಅರ್ಧ ಲೋಟಕ್ಕಿಂತ ಹೆಚ್ಚು ಹಾಕಿದರೆ ಚೆಲ್ಲಿಕೊಳ್ಳುತ್ತಿದ್ದ, ಅಂಗಿಯ ಗುಂಡಿ ನಾನೇ ಹಾಕಬೇಕು. ಇವನು ಸೋಲದೆ ಇನ್ನಾರು ಸೋಲುತ್ತಾರೆ? ನಮ್ಮ ಕಡೆಯವರೆಲ್ಲ ಅಪ್ಪನ ಬೆನ್ನು ತಟ್ಟಿ, "ಎಲ್ಡನ್, ಊರಿನ ಮಾನ ನಿಮ್ಮ ಕೈ ನಡುಗೋದ್ರಲ್ಲಿದೆ!" ಎಂದರು. ಅಪ್ಪ ಮಾತ್ರ ನಗಲಿಲ್ಲ.

ಮನೆಗೆ ಬರುವಾಗ, "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಇಂಥಾ ವಯಸ್ಸಲ್ಲಿ ನನ್ನ ಕೈ ನಡುಗೋದಕ್ಕೆ ಚಪ್ಪಾಳೆ ಹೊಡೆಸ್ಕೋಬೇಕಾಯ್ತು ನೋಡು," ಅಂದ.

"ಹೆಸರು ಉಳಿಯುತ್ತಲ್ಲಪ್ಪಾ," ಅಂದೆ.

"ಹೂಂ," ಅಂದ.

ಭಾನುವಾರ ಚರ್ಚು ಮುಗಿಸಿ ಎಲ್ಲರೂ ನನ್ನ ಬಾರಿನ ಹಿಂದಿನ ಅಂಗಳಕ್ಕೆ ಬಂದರು. ಬಿಯರ್ ಚೆನ್ನಾಗಿ ಹೋಯಿತು, ಅದನ್ನು ಮುಚ್ಚಿಡುವುದೇಕೆ. ಕರ್ಟಿಸ್ ಗೋದಾಮಿನ ಹಿಂದೆ ವಾರವೆಲ್ಲ ಕೆಟ್ಟದಾಗಿ ಎಸೆಯುವ ಅಭ್ಯಾಸ ಮಾಡಿದ್ದನಂತೆ. ಹುಟ್ಟಿನಿಂದ ಬಂದ ವಿದ್ಯೆಗೆ ಅಭ್ಯಾಸ ಬೇರೆ! ಮೊದಲ ಲಾಳ ಹುಲ್ಲಿಗೆ ಬಿತ್ತು. ಅರ್ಡಿತ್, "ಇನ್ನೊಂದ್ಸಲ!" ಎಂದು ಕೂಗಿದಳು. ಇನ್ನೊಂದು ಅವಳ ಕಾಲ ಬುಡಕ್ಕೇ ಬಿತ್ತು. "ನನ್ನನ್ನ ಸಾಯಿಸಿ ಜನಸಂಖ್ಯೆ ಕಮ್ಮಿ ಮಾಡ್ಬೇಡ್ವೋ!" ಎಂದು ಬೈದಳು. ಅಂತೂ ಇಂತೂ ಮೂರನ್ನೂ ಮರಳಿನ ಅಂಚಿಗೆ ಹಾಕಿ, ಗೂಟದಿಂದ ಸಾಕಷ್ಟು ದೂರದಲ್ಲೇ ಉಳಿದು, ಬೆವರೊರೆಸಿಕೊಂಡ.

ಅಪ್ಪ ಬಂದು ನಿಂತ. ಕೈಯಲ್ಲಿದ್ದ ಲಾಳ ಗಡಗಡ ಅನ್ನುತ್ತಿತ್ತು. ಮೊದಲನೆಯದು ಗುಂಡಿಯ ಎಡಮೂಲೆಗೆ ಬಿತ್ತು, ಎರಡನೆಯದು ಬಲಮೂಲೆಗೆ. ಎರಡೂ ಕರ್ಟಿಸನವಕ್ಕಿಂತ ದೂರ. ನಾವು ಕೇಕೆ ಹಾಕಿದೆವು. ಇನ್ನೊಂದನ್ನು ಹೀಗೇ ಹಾಕಿದರೆ ಹೆಸರು ನಮ್ಮದೇ. ನಾನು ಓಡಿ ಹೋಗಿ ಕಿವಿಯಲ್ಲಿ, "ಅಪ್ಪಾ, ಸುಮ್ನೆ ಮುಂದಕ್ಕೆ ಬಿಸಾಕಿಬಿಡು. ಮುಗೀತು," ಅಂದೆ.

ಅವನು ನನ್ನ ಕಡೆ ನೋಡಲಿಲ್ಲ, ಗೂಟವನ್ನೇ ನೋಡುತ್ತಿದ್ದ. ನಾನು ಅವನ ಕೈ ನೋಡಿದೆ. ನಡುಕ ನಿಂತಿತ್ತು.

"ಅಪ್ಪಾ, ಬೇಡ!"

ಲಾಳ ಮೇಲೆದ್ದು, ನಿಧಾನವಾಗಿ ಒಂದು ಸುತ್ತು ತಿರುಗಿ, ಠಣ್ ಎಂದು ಗೂಟಕ್ಕೆ ಸಿಕ್ಕಿಕೊಂಡು ಕುಳಿತಿತು.

ಕರ್ಟಿಸ್, "ಸೋತೆ! ನಾನು ಸೋತೆ!" ಎಂದು ಟೋಪಿ ಹಾರಿಸಿ ಕುಣಿದ. ನನಗೆ ಅಳು ಉಕ್ಕಿ ಬಂತು. ಸಿಟ್ಟು ಅದಕ್ಕಿಂತ ಹೆಚ್ಚು.

"ಏನಪ್ಪಾ ಮಾಡಿದೆ? ಬೇಕಂತಲೇ ಹಾಕ್ದೆ ತಾನೆ?"

ಅಪ್ಪ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಆಗಲೇ ನಡುಕ ಮರಳಿತ್ತು. ಕಣ್ಣು ತುಂಬಿತ್ತು, ಮುಖದ ತುಂಬ ನಗು.

"ಎಷ್ಟೋ ವರ್ಷದಿಂದ ಈ ಕೈ ನನ್ನ ಮಾತು ಕೇಳಿರ್ಲಿಲ್ಲ ಕಣೇ. ಇವತ್ತು ಏನಪ್ಪಣೆ ಅಂತ ತಾನಾಗೇ ಬಂದು ನಿಂತ್ಕೊಳ್ತು. ಅದಕ್ಕೆ ಹೋಗಿ ತಪ್ಪಾಗಿ ಎಸಿ ಅಂತ ಹೇಳ್ಲಾ?"

ಅವನ ಅಂಗಿಯ ಗುಂಡಿಯೊಂದು ಬಿಚ್ಚಿಕೊಂಡಿತ್ತು, ಅದನ್ನು ಹಾಕಿದೆ.

ಬೇಸಿಗೆಯಲ್ಲಿ ಟ್ಯಾಂಕಿಗೆ ಬಣ್ಣ ಹೊಡೆದರು, ಹೆದ್ದಾರಿಯಲ್ಲಿ ಹೊಸ ಫಲಕ ನೆಟ್ಟರು. ಪೆಲ್ಹಮ್, ಜನಸಂಖ್ಯೆ ಅರವತ್ತಮೂರು. ಸತ್ತವರನ್ನು ಕರ್ಟಿಸನೂ ಬಿಟ್ಟುಕೊಡಲಿಲ್ಲ. ಕರ್ಟಿಸ್ ಅದರಡಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನಾವು ಆ ದಾರಿಯಲ್ಲೇ ಬಂದೆವು. ಅಪ್ಪ ಗಾಡಿ ನಿಲ್ಲಿಸಲು ಹೇಳಿ ತಲೆ ಹೊರಗೆ ಹಾಕಿದ.

"ಭೇಷ್ ಕರ್ಟಿಸ್! ದೊಡ್ಡಕ್ಷರದಲ್ಲಿ ಬರೆಸಿದ್ದು ಒಳ್ಳೇದಾಯ್ತು ಕಣಯ್ಯ. ಸೋತಿದ್ದು ಯಾರು ಅಂತ ಮೈಲಿ ದೂರಕ್ಕೇ ಗೊತ್ತಾಗುತ್ತೆ!"

ಕರ್ಟಿಸನ ನಗು ಅಲ್ಲೇ ಇಂಗಿತು. ಪಾಪ, ಅದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಲಾಡ್ಜಿನಲ್ಲಿ ಈಗಲೂ ನೊಣ ತಂಗುವುದಿಲ್ಲ. ಪೆಲ್ಹಮ್ ಮೊಮ್ಮಕ್ಕಳಿಗೆ ಪಕ್ಕದೂರಿನ ಶಾಲೆಯಲ್ಲಿ ನಮ್ಮ ಹಳೆಯ ಅಡ್ಡಹೆಸರು ಸಿಕ್ಕಿದೆ. ಅಪ್ಪನನ್ನು ಮಾತ್ರ ದಿನಾ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಆ ಫಲಕದ ಮುಂದೆ ಕರೆದೊಯ್ಯಬೇಕು. ಅಪ್ಪ ಹಾಲು ಮುಟ್ಟುವುದಿಲ್ಲ.